ಕಾರಿನ ಹೀಟರ್ ಬೆಚ್ಚಗಾಗದಿದ್ದರೆ: ಬಿಸಿ ಕೂಲೆಂಟಿನ ಜಾಡು ಹಿಡಿದು ತಪಾಸಣೆ

ಪೆಟ್ರೋಲ್ ಅಥವಾ ಡೀಸೆಲ್ ಕಾರಿನ ಹೀಟರಿಗೆ ಸ್ವಂತದ ಬೆಂಕಿ ಇಲ್ಲ. ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲೊಂದು ಪಾಲು ಗಾಡಿಯನ್ನು ಓಡಿಸುವ ಕೆಲಸಕ್ಕೆ ಒದಗುತ್ತದೆ, ಮತ್ತೊಂದು ಪಾಲು ಸೈಲೆನ್ಸರಿನ ಹೊಗೆಯೊಂದಿಗೆ ಹೊರಗೆ ಹೋಗುತ್ತದೆ, ಉಳಿದುದರ ಬಹುಭಾಗ ಎಂಜಿನ್ನಿನ ಲೋಹವನ್ನು ಬಿಸಿಮಾಡುತ್ತದೆ. ಹಾಗೆ ಬಿಸಿಯಾದ ಲೋಹದ ಒಳಗಿನ ಕಾಲುವೆಗಳಲ್ಲಿ ಹರಿದು, ಶಾಖವನ್ನು ಹೀರಿಕೊಂಡು, ಅದನ್ನು ರೇಡಿಯೇಟರಿಗೆ ಒಯ್ಯುವ ದ್ರವಕ್ಕೆ ಕೂಲೆಂಟ್ ಎಂದು ಹೆಸರು. ನೀರಿಗೆ ಎಥಿಲೀನ್ ಗ್ಲೈಕಾಲ್ ಎಂಬ ರಾಸಾಯನಿಕವನ್ನೂ ತುಕ್ಕು ತಡೆಯುವ ಪದಾರ್ಥಗಳನ್ನೂ ಬೆರೆಸಿ ಅದನ್ನು ತಯಾರಿಸುತ್ತಾರೆ. ಈ ಬಿಸಿ ಕೂಲೆಂಟಿನ ಒಂದು ಕವಲನ್ನು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರೊಂದರ ಮೂಲಕ ಹಾಯಿಸಿ, ಅದರ ತೆಳು ತಗಡುಗಳ ನಡುವೆ ಬ್ಲೋವರಿನಿಂದ ಗಾಳಿಯನ್ನು ನುಗ್ಗಿಸಿದಾಗ ಒಳಗೆ ಕೂತವರಿಗೆ ಬಿಸಿಗಾಳಿ ಸಿಗುತ್ತದೆ. ಆದ್ದರಿಂದ ಹೀಟರಿನಿಂದ ಉಗುರುಬೆಚ್ಚಗಿನ ಅಥವಾ ತಣ್ಣನೆಯ ಗಾಳಿ ಬಂದರೆ ಅದನ್ನು ಪ್ರಯಾಣಿಕರ ಆರಾಮಕ್ಕೆ ಸಂಬಂಧಿಸಿದ ಸಣ್ಣ ಕೊರತೆಯೆಂದು ಕಡೆಗಣಿಸುವುದು ಸರಿಯಲ್ಲ. ಎಂಜಿನ್ನನ್ನು ರಕ್ಷಿಸುವ ದ್ರವ ಕಡಿಮೆಯಾಗಿದೆ ಅಥವಾ ಅದರ ಹರಿವು ಎಲ್ಲೋ ತಪ್ಪಿದೆ ಎಂಬುದನ್ನು ಎಚ್ಚರಿಕೆಯ ದೀಪಕ್ಕಿಂತ ಮೊದಲೇ ತಿಳಿಸುವ ಲಕ್ಷಣ ಎಷ್ಟೋ ಸಲ ಇದೇ ಆಗಿರುತ್ತದೆ.

ಮೋಟಾರು ಗಾಡಿಗಳಲ್ಲಿ ಈ ಏರ್ಪಾಡು ಮೊದಲಿನಿಂದ ಇದ್ದುದಲ್ಲ. 1920ರ ದಶಕದ ಕೊನೆಯ ಫೋರ್ಡ್ ಮಾಡೆಲ್ ಎ ಗಾಡಿಗಳಲ್ಲಿ ಎಂಜಿನ್ನಿನಿಂದ ಹೊಗೆ ಹೊರಬೀಳುವ ಕೊಳವೆಯ ಸುತ್ತ ಹಾಯ್ದ ಗಾಳಿಯನ್ನೇ ಒಳಕ್ಕೆ ಬಿಡಲಾಗುತ್ತಿತ್ತು; ಕೊಳವೆಯಲ್ಲಿ ಸಣ್ಣ ಬಿರುಕು ಬಿಟ್ಟರೂ ವಾಸನೆಯಿಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಪ್ರಯಾಣಿಕರ ಉಸಿರಿಗೆ ಸೇರುವ ಅಪಾಯ ಅದರಲ್ಲಿತ್ತು. ಹೊರಗಿನ ಗಾಳಿಯನ್ನು ಸೋಸಿ, ಎಂಜಿನ್ನಿನ ಬಿಸಿನೀರಿನಿಂದ ಕಾಯಿಸಿ ಒಳಕ್ಕೆ ಹರಿಸುವ ವ್ಯವಸ್ಥೆಯನ್ನು ಅಮೆರಿಕದ ನ್ಯಾಶ್ ಕಂಪನಿ 1938ರಲ್ಲಿ ತಂದಿತು, ಮತ್ತು ಇಂದಿನ ಕಾರುಗಳ ಹೀಟರ್ ಮೂಲತಃ ಅದೇ ಬಗೆಯದು.

ಕೆಟ್ಟ ಹೀಟರಿನ ತಪಾಸಣೆಗೆ ಬೇಕಾದ ಮೊದಲ ಸಾಧನವೆಂದರೆ ಈ ಬಿಸಿ ಹರಿಯುವ ದಾರಿಯ ಸ್ಪಷ್ಟ ಕಲ್ಪನೆ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ವಾಟರ್ ಪಂಪ್ ಕೂಲೆಂಟನ್ನು ಎಂಜಿನ್ನಿನೊಳಗೆ ತಳ್ಳುತ್ತದೆ. ಅಲ್ಲಿ ಬಿಸಿಯಾದ ದ್ರವದ ಮುಂದೆ ಎರಡು ದಾರಿಗಳಿರುತ್ತವೆ. ಒಂದು, ಥರ್ಮೋಸ್ಟಾಟ್ ಎಂಬ ಬಾಗಿಲನ್ನು ದಾಟಿ ದೊಡ್ಡ ರೇಡಿಯೇಟರಿಗೆ ಹೋಗುವುದು. ಇನ್ನೊಂದು, ಎಂಜಿನ್ ಕೋಣೆಯನ್ನೂ ಕ್ಯಾಬಿನ್ನನ್ನೂ ಬೇರ್ಪಡಿಸುವ ಲೋಹದ ಗೋಡೆಯನ್ನು ತೂರಿ ಹೋಗುವ ಎರಡು ರಬ್ಬರ್ ಹೋಸುಗಳ ದಾರಿ. ಈ ಹೋಸುಗಳಲ್ಲಿ ಒಂದು ಬಿಸಿ ದ್ರವವನ್ನು ಹೀಟರ್ ಕೋರಿಗೆ, ಅಂದರೆ ಮೆಕ್ಯಾನಿಕ್‌ಗಳು ಹೀಟರ್ ಕಾಯಿಲ್ ಎಂದು ಕರೆಯುವ ಆ ಪುಟ್ಟ ರೇಡಿಯೇಟರಿಗೆ, ತರುತ್ತದೆ, ಇನ್ನೊಂದು ಅದನ್ನು ಪಂಪಿಗೆ ಮರಳಿಸುತ್ತದೆ. ಹಳೆಯ ಕಾರುಗಳಲ್ಲಿ ಹೋಸಿನ ನಡುವೆ ಕೇಬಲಿನಿಂದ ತೆರೆದು ಮುಚ್ಚುವ ವಾಲ್ವ್ ಇರುತ್ತಿತ್ತು. ಈಚಿನ ಬಹುಪಾಲು ಕಾರುಗಳಲ್ಲಿ ಕೂಲೆಂಟ್ ಸದಾ ಹರಿಯುತ್ತಲೇ ಇರುತ್ತದೆ, ಎಷ್ಟು ಗಾಳಿ ಹೀಟರ್ ಕೋರನ್ನು ಹಾದು ಬರಬೇಕು, ಎಷ್ಟು ಅದನ್ನು ಬಳಸಿಕೊಂಡು ಬರಬೇಕು ಎಂಬುದನ್ನು ಒಂದು ಫ್ಲ್ಯಾಪ್, ಅಂದರೆ ಗಾಳಿಯ ದಾರಿಯಲ್ಲಿ ತಿರುಗುವ ಪ್ಲಾಸ್ಟಿಕ್ ಹಲಗೆ, ನಿರ್ಧರಿಸುತ್ತದೆ. ಸ್ನಾನದ ಮನೆಯ ಗೀಸರ್ 2ರಿಂದ 3 ಕಿಲೋವಾಟ್ ಶಾಖ ಕೊಟ್ಟರೆ, ಕೈಯಗಲದ ಈ ಹೀಟರ್ ಕೋರ್ ಸುಸ್ಥಿತಿಯಲ್ಲಿರುವಾಗ 5 ಕಿಲೋವಾಟಿನಷ್ಟು ಶಾಖವನ್ನು ಗಾಳಿಗೆ ದಾಟಿಸಬಲ್ಲದು. ಅಷ್ಟು ಶಾಖ ಬರಬೇಕಾದರೆ ಕೂಲೆಂಟ್ ಬಿಸಿಯಾಗಿರಬೇಕು, ಸಾಕಷ್ಟು ಇರಬೇಕು, ಹರಿಯುತ್ತಿರಬೇಕು, ಕೊನೆಗೆ ಗಾಳಿಯೂ ಅದರ ಮೈಸೋಕಿ ಬರಬೇಕು. ಇವುಗಳಲ್ಲಿ ಯಾವುದು ತಪ್ಪಿದೆ ಎಂದು ಪತ್ತೆ ಮಾಡದೆ ಒಂದೊಂದೇ ಬಿಡಿಭಾಗವನ್ನು ಬದಲಿಸುತ್ತ ಹೋಗುವುದು ದುಡ್ಡನ್ನೂ ಸಮಯವನ್ನೂ ವ್ಯರ್ಥಮಾಡುವ ಹಾದಿ.

ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಶೂನ್ಯಕ್ಕಿಂತ 15, 20 ಡಿಗ್ರಿ ಕೆಳಗಿಳಿಯುವ ಮಿನ್ನೆಸೋಟ, ಮ್ಯಾನಿಟೋಬಾ ಅಥವಾ ಲಡಾಖ್‌ನಂಥ ಕಡೆ ಹೀಟರ್ ಇಲ್ಲದ ಕಾರು ಜೀವಕ್ಕೇ ಅಪಾಯ ತರಬಲ್ಲದು. ಮುಂಗಾಜಿನ ಮೇಲಿನ ಹಿಮವನ್ನೂ ಮಂಜನ್ನೂ ಕರಗಿಸುವ ವ್ಯವಸ್ಥೆ ಇರಲೇಬೇಕೆಂದು ಅಮೆರಿಕದ ವಾಹನ ಸುರಕ್ಷತಾ ನಿಯಮಗಳು ವಿಧಿಸಿರುವುದೂ ಈ ಕಾರಣದಿಂದಲೇ. ಕರ್ನಾಟಕದಲ್ಲಿ ಚಳಿಗಾಗಿ ಹೀಟರ್ ಹಾಕುವವರು ಕಡಿಮೆಯಾದರೂ, ಆಗುಂಬೆ, ಚಾರ್ಮಾಡಿ, ಮಡಿಕೇರಿಯ ಮಳೆಗಾಲದಲ್ಲಿ ಒಳಗಿನ ಉಸಿರಿನ ತೇವ ಮುಂಗಾಜಿಗೆ ಹತ್ತಿ ರಸ್ತೆಯೇ ಕಾಣದಾಗುವಾಗ ಅದನ್ನು ಒರೆಸುವ ಕೆಲಸ ಹೀಟರಿನದೇ. ಆಗ ಏಸಿ ಮತ್ತು ಹೀಟರ್ ಎರಡನ್ನೂ ಒಟ್ಟಿಗೆ ಹಾಕುವುದು ತಪ್ಪೆಂದು ಹಲವರು ಭಾವಿಸುತ್ತಾರೆ. ವಾಸ್ತವದಲ್ಲಿ ಗಾಳಿ ಮೊದಲು ಏಸಿಯ ತಣ್ಣನೆಯ ಕಾಯಿಲನ್ನು ಹಾದು ತನ್ನ ತೇವವನ್ನು ಅಲ್ಲೇ ಬಿಟ್ಟು, ಅನಂತರ ಹೀಟರ್ ಕೋರಿನಲ್ಲಿ ಬಿಸಿಯಾಗಿ ಒಣಗಾಳಿಯಾಗಿ ಹೊರಬರುವುದರಿಂದ ಗಾಜು ಬಹುಬೇಗ ತಿಳಿಯಾಗುವುದು ಎರಡೂ ಕೂಡಿ ನಡೆದಾಗಲೇ.

ಬಾನೆಟ್ ಎತ್ತುವ ಮುಂಚೆ ಗಮನಿಸಬೇಕಾದದ್ದು ಗಾಳಿ ಯಾವಾಗ ತಣ್ಣಗಾಗುತ್ತದೆ ಎಂಬುದನ್ನು. ಓಡುವಾಗ ಬಿಸಿಯಾಗಿದ್ದು ಸಿಗ್ನಲಿನಲ್ಲಿ ನಿಂತೊಡನೆ ತಣ್ಣಗಾಗುವ ಗಾಳಿ ಕೂಲೆಂಟ್ ಕಡಿಮೆಯಾಗಿರುವುದನ್ನೋ, ಕೊಳವೆಗಳಲ್ಲಿ ಗಾಳಿ ಸಿಕ್ಕಿಕೊಂಡಿರುವುದನ್ನೋ, ಪಂಪ್ ದುರ್ಬಲವಾಗಿರುವುದನ್ನೋ ಸೂಚಿಸುತ್ತದೆ, ಏಕೆಂದರೆ ಎಂಜಿನ್ ನಿಧಾನವಾಗಿ ತಿರುಗುವಾಗ ಪಂಪಿನ ಒತ್ತಡ ಹೀಟರಿನ ಎತ್ತರಕ್ಕೆ ದ್ರವವನ್ನು ಏರಿಸಲು ಸಾಲುವುದಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ನಿಂತಾಗ ತಕ್ಕಮಟ್ಟಿಗೆ ಬಿಸಿಯಾಗಿದ್ದು ಹೆದ್ದಾರಿಯಲ್ಲಿ ಅಥವಾ ಘಾಟಿ ಇಳಿಯುವಾಗ ಆರುತ್ತ ಹೋದರೆ, ಜೊತೆಗೆ ಟೆಂಪರೇಚರ್ ಮುಳ್ಳೂ ಕೆಳಗಿಳಿದರೆ, ಥರ್ಮೋಸ್ಟಾಟ್ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಡ್ಯಾಶ್‌ಬೋರ್ಡಿನ ಹಿಂದೆ ನೀರು ಗುಳುಗುಳು ಎನ್ನುವುದು ಕೂಲೆಂಟಿನೊಂದಿಗೆ ಗಾಳಿ ಬೆರೆತದ್ದರ ಗುರುತು. ಎಡಬದಿಯ ಪ್ರಯಾಣಿಕನ ಕಾಲಡಿಯ ಕಾರ್ಪೆಟ್ ಒದ್ದೆಯಾಗಿ, ಕಾರಿನೊಳಗೆ ಸಿಹಿಯಾದ ವಾಸನೆ ಹಬ್ಬಿ, ಮುಂಗಾಜಿನ ಒಳಮೈಗೆ ಒರೆಸಿದರೂ ಹೋಗದ ಜಿಡ್ಡು ಪದರ ಕೂತಿದ್ದರೆ ಹೀಟರ್ ಕೋರೇ ಸೋರುತ್ತಿದೆ. ಎಥಿಲೀನ್ ಗ್ಲೈಕಾಲ್ ವಿಷಕಾರಿಯಾಗಿದ್ದೂ ರುಚಿಯಲ್ಲಿ ಸಿಹಿಯಾಗಿರುವುದರಿಂದ, ನೆಲಕ್ಕೆ ಬಿದ್ದ ಕೂಲೆಂಟನ್ನು ನಾಯಿ ಬೆಕ್ಕುಗಳು ನೆಕ್ಕುವ, ಮಕ್ಕಳು ಬಾಯಿಗಿಡುವ ಮೊದಲು ತೊಳೆದುಹಾಕುವುದು ತೀರ ಅಗತ್ಯ.

ಕೂಲೆಂಟ್ ಕಡಿಮೆಯಾದಾಗ ಮೊದಲು ಸೊರಗುವುದು ಹೀಟರ್. ಬಹಳಷ್ಟು ಕಾರುಗಳಲ್ಲಿ ಹೀಟರ್ ಕೋರ್ ಇಡೀ ವ್ಯವಸ್ಥೆಯ ಎತ್ತರದ ಭಾಗಗಳಲ್ಲೊಂದಾಗಿರುವುದರಿಂದ ದ್ರವದ ಮಟ್ಟ ಇಳಿದಂತೆ ಅಲ್ಲಿ ಗಾಳಿ ಸೇರಿಕೊಳ್ಳುತ್ತದೆ, ಮತ್ತು ಗಾಳಿ ತುಂಬಿದ ಕೊಳವೆಯೊಳಗೆ ಪಂಪ್ ದ್ರವವನ್ನು ತಳ್ಳಲಾರದು. ಇದನ್ನೇ ಏರ್ ಲಾಕ್ ಎನ್ನುತ್ತಾರೆ. ಇಂಥ ಹೊತ್ತಿನಲ್ಲಿ ಟೆಂಪರೇಚರ್ ಮುಳ್ಳನ್ನು ನಂಬಿ ನಿಶ್ಚಿಂತರಾಗುವುದು ಅಪಾಯಕರ. ಹಲವು ಹೊಸ ಕಾರುಗಳ ಮುಳ್ಳನ್ನು ಸಣ್ಣಪುಟ್ಟ ಏರಿಳಿತಕ್ಕೆ ಕದಲದಂತೆ ಮಧ್ಯದಲ್ಲೇ ನಿಲ್ಲಿಸಿರುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಉಷ್ಣತೆಯನ್ನು ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿರುವವರೆಗೆ ಮಾತ್ರ ಸರಿಯಾದ ಲೆಕ್ಕ ಕೊಡುತ್ತದೆ, ದ್ರವ ಇಳಿದು ಅದರ ಸುತ್ತ ಬರೀ ಗಾಳಿ ಉಳಿದರೆ ಎಂಜಿನ್ ಸುಡುತ್ತಿದ್ದರೂ ಮುಳ್ಳು ಸುಮ್ಮನಿರಬಹುದು. ಘಾಟಿ ಹತ್ತುವಾಗ ಎಂಜಿನ್ ಅತಿಯಾಗಿ ಬಿಸಿಯಾದರೆ ಹೀಟರನ್ನು ಪೂರ್ತಿ ಹಾಕಿ ಸ್ವಲ್ಪ ಶಾಖವನ್ನು ಕ್ಯಾಬಿನ್ನಿನ ಮೂಲಕ ಹೊರಹಾಕುವ ಉಪಾಯವನ್ನು ಅನುಭವಿ ಚಾಲಕರು ಬಲ್ಲರು. ಹಾಗೆ ಮಾಡಿದಾಗಲೂ ತಣ್ಣನೆಯ ಗಾಳಿಯೇ ಬಂದರೆ ಕೂಲೆಂಟ್ ಬರಿದಾಗಿದೆ ಅಥವಾ ಹರಿಯುತ್ತಿಲ್ಲ ಎಂದೇ ತಿಳಿದು, ಮುಂದಿನ ಊರಿನವರೆಗೆ ಹೋಗಿಬಿಡೋಣ ಎನ್ನದೆ, ಕಾರನ್ನು ಬದಿಗೆ ಹಾಕಿ ಎಂಜಿನ್ ನಿಲ್ಲಿಸಬೇಕು. ಅತಿಬಿಸಿಗೆ ಎಂಜಿನ್ನಿನ ಸಿಲಿಂಡರ್ ಹೆಡ್ ಡೊಂಕಾದ ಮೇಲೆ ಆಗುವ ಖರ್ಚಿನ ಮುಂದೆ ಟೋಯಿಂಗ್ ಖರ್ಚು ಏನೂ ಅಲ್ಲ.

ಕೂಲೆಂಟಿನ ಮಟ್ಟ ನೋಡುವುದಾದರೆ ಎಂಜಿನ್ ಪೂರ್ತಿ ಆರಿದ ಮೇಲೆ ನೋಡಬೇಕು. ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆರೆದರೆ ಒತ್ತಡದಲ್ಲಿದ್ದ ದ್ರವ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ, ಅಂಥ ಸುಟ್ಟಗಾಯಗಳು ಘೋರವಾದವು. ಪ್ಲಾಸ್ಟಿಕ್ ಟ್ಯಾಂಕಿನ ಮಟ್ಟವೊಂದನ್ನೇ ನೋಡಿ ಬಿಡುವುದೂ ಸಾಲದು: ರೇಡಿಯೇಟರಿಗೆ ಬೇರೆ ಕ್ಯಾಪ್ ಇರುವ ಕಾರುಗಳಲ್ಲಿ, ಕ್ಯಾಪಿನ ರಬ್ಬರ್ ಹಾಳಾಗಿದ್ದರೆ, ಎಂಜಿನ್ ಆರುವಾಗ ಟ್ಯಾಂಕಿನ ದ್ರವ ಒಳಕ್ಕೆ ಮರಳುವುದಿಲ್ಲ, ಟ್ಯಾಂಕ್ ತುಂಬಿದ್ದರೂ ರೇಡಿಯೇಟರ್ ಖಾಲಿ ಇರುತ್ತದೆ. ಈ ಕ್ಯಾಪಿನ ಮಹತ್ವವನ್ನು ಎತ್ತರದ ಊರುಗಳಲ್ಲಿ ಚೆನ್ನಾಗಿ ಕಾಣಬಹುದು. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನಲ್ಲಿ ಸುಮಾರು 97ಕ್ಕೂ, 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88, 89ಕ್ಕೂ ಕುದಿಯುತ್ತದೆ. ಎಂಜಿನ್ ಸಾಮಾನ್ಯವಾಗಿ ನಡೆಯುವುದೇ ಇದರ ಆಸುಪಾಸಿನ ಉಷ್ಣತೆಯಲ್ಲಾದ್ದರಿಂದ, ಒತ್ತಡವನ್ನು ಹಿಡಿದಿಡುವ ಕ್ಯಾಪ್ ಸೋತರೆ ಬರಿ ನೀರು ತುಂಬಿದ ಕಾರು ಅಲ್ಲಿ ದಾರಿಯುದ್ದಕ್ಕೂ ಆವಿಯನ್ನು ಉಗುಳುತ್ತ ಹೋಗಬೇಕಾಗುತ್ತದೆ. ಸಮಪಾಲು ಗ್ಲೈಕಾಲ್ ಬೆರೆಸಿದ ಕೂಲೆಂಟ್ ಕುದಿಯುವ ಬಿಂದುವನ್ನು ಏರಿಸುವುದಷ್ಟೇ ಅಲ್ಲದೆ ಸುಮಾರು ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದೆ ಉಳಿಯುತ್ತದೆ. ಬೆಂಗಳೂರಿನಲ್ಲಿ ನಲ್ಲಿನೀರು ತುಂಬಿಸಿಕೊಂಡು ಚಳಿಗಾಲದಲ್ಲಿ ಲಡಾಖ್‌ಗೆ ಹೊರಟ ಕಾರಿನಲ್ಲಿ ರಾತ್ರಿ ಆ ನೀರು ಗಡ್ಡೆಕಟ್ಟಿ ಹಿಗ್ಗಿ ರೇಡಿಯೇಟರನ್ನೂ ಎಂಜಿನ್ ಬ್ಲಾಕನ್ನೂ ಸೀಳಬಲ್ಲದು.

ಎರಡನೆಯ ದೊಡ್ಡ ಕಾರಣ ಥರ್ಮೋಸ್ಟಾಟ್. ಅದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ. ಹಿತ್ತಾಳೆಯ ಪುಟ್ಟ ಬಟ್ಟಲೊಂದರಲ್ಲಿ ವಿಶೇಷ ಬಗೆಯ ಮೇಣವನ್ನು ತುಂಬಿ, ಅದರೊಳಗೆ ರಬ್ಬರ್ ತೊಟ್ಟ ಕಡ್ಡಿಯೊಂದನ್ನು ನೆಟ್ಟಿರುತ್ತಾರೆ. ನಿಗದಿತ ಉಷ್ಣತೆಯಲ್ಲಿ ಮೇಣ ಕರಗಿ ಹಿಗ್ಗಿ, ಕಡ್ಡಿಯನ್ನು ಹೊರಕ್ಕೆ ಒತ್ತಿ, ಸ್ಪ್ರಿಂಗಿನ ಬಲವನ್ನು ಮೀರಿ ಬಿಲ್ಲೆಯನ್ನು ಸರಿಸಿದಾಗ ರೇಡಿಯೇಟರಿನ ದಾರಿ ತೆರೆಯುತ್ತದೆ. ಆರಿದಾಗ ಸ್ಪ್ರಿಂಗ್ ಅದನ್ನು ಮರಳಿ ಮುಚ್ಚುತ್ತದೆ. ವಿದ್ಯುತ್ತಿನ ಹಂಗಿಲ್ಲದೆ ಬರೀ ಮೇಣದ ಹಿಗ್ಗುವಿಕೆಯಿಂದ ಇಡೀ ಎಂಜಿನ್ನಿನ ಉಷ್ಣತೆಯನ್ನು ಹತೋಟಿಯಲ್ಲಿಡುವ ಈ ಉಪಕರಣ 1930ರ ದಶಕದಿಂದ ಇಂದಿನವರೆಗೆ ತತ್ತ್ವದಲ್ಲಿ ಬದಲಾಗದೆ ಉಳಿದಿರುವುದು ನಿಜಕ್ಕೂ ಮೆಚ್ಚತಕ್ಕ ಸಂಗತಿ. ಅದರ ಅಂಚಿನಲ್ಲಿ 82, 88 ಎಂಬಂತೆ ತೆರೆದುಕೊಳ್ಳುವ ಉಷ್ಣತೆಯನ್ನು ಕೆತ್ತಿರುತ್ತಾರೆ, ಮತ್ತು ಹಲವುಗಳಲ್ಲಿ ಒಂದು ಸಣ್ಣ ತೂತೂ ಅದರಲ್ಲಿ ಅಲುಗಾಡುವ ಪಿನ್ನೂ ಇರುತ್ತವೆ. ಕೂಲೆಂಟ್ ತುಂಬುವಾಗ ಗಾಳಿ ಹೊರಹೋಗಲು ಇರುವ ಆ ತೂತು ಸಾಮಾನ್ಯವಾಗಿ ಮೇಲ್ಭಾಗಕ್ಕೆ ಬರುವಂತೆ ಕೂರಿಸಬೇಕು, ತಲೆಕೆಳಗಾಗಿ ಕೂರಿಸಿದರೆ ಹೊಸ ಥರ್ಮೋಸ್ಟಾಟಿನಿಂದಲೇ ಏರ್ ಲಾಕ್ ಹುಟ್ಟಬಹುದು.

ಬಿಲ್ಲೆ ತೆರೆದೇ ನಿಂತುಬಿಟ್ಟರೆ ಕೂಲೆಂಟ್ ಮೊದಲ ಕ್ಷಣದಿಂದಲೇ ರೇಡಿಯೇಟರಿಗೆ ಹರಿದು ಆರುತ್ತಿರುತ್ತದೆ, ಎಂಜಿನ್ ತನ್ನ ಉಷ್ಣತೆಯನ್ನು ಮುಟ್ಟುವುದೇ ಇಲ್ಲ, ಹೀಟರ್ ಉಗುರುಬೆಚ್ಚಗಾಗಿಯೇ ಉಳಿಯುತ್ತದೆ. ಇದನ್ನು ತಿಳಿಯುವುದು ಸುಲಭ: ತಣ್ಣಗಿರುವ ಎಂಜಿನ್ನನ್ನು ಚಾಲೂ ಮಾಡಿ, ತಿರುಗುವ ಫ್ಯಾನಿನಿಂದ ಕೈಯನ್ನು ದೂರವಿಟ್ಟು, ರೇಡಿಯೇಟರಿನ ಮೇಲಿನ ಹೋಸನ್ನು ಆಗಾಗ ಮುಟ್ಟಿ ನೋಡಬೇಕು. ಸಾಮಾನ್ಯ ಜೋಡಣೆಯ ಎಂಜಿನ್ನುಗಳಲ್ಲಿ ಅದು ಕೆಲವು ನಿಮಿಷ ತಣ್ಣಗಿದ್ದು, ಥರ್ಮೋಸ್ಟಾಟ್ ತೆರೆದಾಗ ಥಟ್ಟನೆ ಬಿಸಿಯಾಗುತ್ತದೆ. ಆರಂಭದಿಂದಲೇ ಮೆಲ್ಲಮೆಲ್ಲನೆ ಬೆಚ್ಚಗಾಗುತ್ತ ಬಂದರೆ ಬಾಗಿಲು ಮುಚ್ಚುತ್ತಿಲ್ಲವೆಂದರ್ಥ. ಸ್ಟೀರಿಂಗಿನ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಜೋಡಿಸಿದಾಗ ಪಿ 0128 ಎಂಬ ಕೋಡ್ ಕಾಣಿಸಿದರೂ ಸಂದೇಹ ಇಲ್ಲಿಗೇ ಬರುತ್ತದೆ. ಕೂಲೆಂಟಿನ ಉಷ್ಣತೆ ಥರ್ಮೋಸ್ಟಾಟ್ ಕಾಯ್ದುಕೊಳ್ಳಬೇಕಾದ ಮಟ್ಟಕ್ಕೆ ಏರುತ್ತಿಲ್ಲ ಎಂಬುದು ಅದರ ಅರ್ಥ. ಬಿಚ್ಚಿ ತೆಗೆದ ಥರ್ಮೋಸ್ಟಾಟನ್ನು, ಅಡಿಗೆ ಬಳಸದ ಪಾತ್ರೆಯ ನೀರಿನಲ್ಲಿ ತಳ ಮುಟ್ಟದಂತೆ ತೂಗುಬಿಟ್ಟು ಒಲೆಯ ಮೇಲೆ ಕಾಯಿಸಿ, ಯಾವ ಉಷ್ಣತೆಯಲ್ಲಿ ತೆರೆಯುತ್ತದೆ, ಆರಿದಾಗ ಪೂರ್ತಿ ಮುಚ್ಚುತ್ತದೆಯೇ ಎಂದು ಥರ್ಮಾಮೀಟರ್ ಹಿಡಿದು ಪರೀಕ್ಷಿಸಬಹುದು.

ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಉಳಿದುಬಂದಿರುವ ಒಂದು ಪದ್ಧತಿಯನ್ನು ಇಲ್ಲಿ ಖಂಡಿಸಲೇಬೇಕು. ಎಂಜಿನ್ ಬಿಸಿಯಾಗುತ್ತಿದೆ ಎಂದು ದೂರು ಬಂದೊಡನೆ, ಬಿಸಿಲಿನ ನಾಡಿಗೆ ಥರ್ಮೋಸ್ಟಾಟ್ ಬೇಡವೆಂದು ಅದನ್ನು ಕಿತ್ತುಹಾಕುವ ಮೆಕ್ಯಾನಿಕ್‌ಗಳು ಇಂದಿಗೂ ಇದ್ದಾರೆ. ಹಾಗೆ ಮಾಡಿದ ಕಾರಿನ ಹೀಟರ್ ಸರಿಯಾಗಿ ಬಿಸಿಯಾಗುವುದಿಲ್ಲ ಎಂಬುದು ಅದರ ಹಾನಿಗಳಲ್ಲಿ ಚಿಕ್ಕದು. ಎಂಜಿನ್ ಇನ್ನೂ ತಣ್ಣಗಿದೆಯೆಂದು ತಿಳಿದು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಎಂಜಿನ್ ಆಯಿಲಿನಲ್ಲಿ ಸೇರಿದ ತೇವ ಆವಿಯಾಗದೆ ಉಳಿಯುತ್ತದೆ, ಸವೆತ ಹೆಚ್ಚುತ್ತದೆ. ರೇಡಿಯೇಟರನ್ನು ಬಿಟ್ಟು ಸುತ್ತುವ ಬೈಪಾಸ್ ದಾರಿಯನ್ನೂ ಥರ್ಮೋಸ್ಟಾಟೇ ಮುಚ್ಚುವಂಥ ಎಂಜಿನ್ನುಗಳಲ್ಲಿ ಅದನ್ನು ತೆಗೆದರೆ ಒಂದಷ್ಟು ಕೂಲೆಂಟ್ ರೇಡಿಯೇಟರಿಗೆ ಹೋಗದೆಯೇ ಸುತ್ತುತ್ತಿದ್ದು, ಯಾವುದನ್ನು ತಪ್ಪಿಸಬೇಕೆಂದಿತ್ತೋ ಆ ಅತಿಬಿಸಿಯೇ ಉಂಟಾಗಬಹುದು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಹೀಟರ್ ಬೆಚ್ಚಗಾಗದಿರುವ ಕಾರಣ ಬಗೆಹರಿಯದಿದ್ದರೆ, ಥರ್ಮೋಸ್ಟಾಟ್ ತನ್ನ ಜಾಗದಲ್ಲಿ ಇದೆಯೇ ಎಂದೇ ಮೊದಲು ವಿಚಾರಿಸುವುದು ಒಳ್ಳೆಯದು.

ಎಂಜಿನ್ ಬಿಸಿಯಾಗಿದ್ದು, ಕೂಲೆಂಟ್ ಭರ್ತಿಯಾಗಿದ್ದೂ ಗಾಳಿ ತಣ್ಣಗೇ ಇದ್ದರೆ, ಲೋಹದ ಗೋಡೆಯ ಬಳಿಯ ಎರಡು ಹೀಟರ್ ಹೋಸುಗಳೇ ಉತ್ತರ ಹೇಳುತ್ತವೆ. ಕೈಗೆ ಬಟ್ಟೆ ಸುತ್ತಿಕೊಂಡು, ಅಥವಾ ದೂರದಿಂದಲೇ ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು, ಎರಡನ್ನೂ ಹೋಲಿಸಬೇಕು. ಎರಡೂ ತಣ್ಣಗಿದ್ದರೆ ದ್ರವ ಇಲ್ಲಿಯವರೆಗೆ ತಲುಪುತ್ತಲೇ ಇಲ್ಲ. ಗಾಳಿ ಸಿಕ್ಕಿಕೊಂಡಿರುವುದು ಅಥವಾ ಪಂಪಿನ ಒಳಗಿನ ರೆಕ್ಕೆಚಕ್ರ ತುಕ್ಕು ಹಿಡಿದು ಸವೆದಿರುವುದು ಕಾರಣವಿರಬಹುದು. ಒಂದು ಸುಡುವಷ್ಟು ಬಿಸಿಯಾಗಿದ್ದು ಇನ್ನೊಂದು ತಣ್ಣಗಿದ್ದರೆ ಹೀಟರ್ ಕೋರ್ ಕಟ್ಟಿಕೊಂಡಿದೆ, ಅಥವಾ ಹಳೆಯ ಕಾರಾದರೆ ವಾಲ್ವ್ ತೆರೆಯುತ್ತಿಲ್ಲ. ಎರಡೂ ಬಿಸಿಯಾಗಿದ್ದರೆ ದ್ರವದ ಕಡೆಯಲ್ಲಿ ದೋಷವಿಲ್ಲ, ಹುಡುಕಬೇಕಾದದ್ದು ಫ್ಲ್ಯಾಪನ್ನು. ಅದನ್ನು ತಿರುಗಿಸುವ ಪುಟ್ಟ ಮೋಟಾರಿನ ಪ್ಲಾಸ್ಟಿಕ್ ಹಲ್ಲುಗಳು ಮುರಿದಾಗ ಡ್ಯಾಶ್‌ಬೋರ್ಡಿನೊಳಗಿಂದ ಟಿಕ್ ಟಿಕ್ ಸದ್ದು ಕೇಳಿಬರುತ್ತದೆ; ಕೇಬಲಿನ ಕಾರುಗಳಲ್ಲಿ ಕೇಬಲ್ ಕೊಂಡಿಯಿಂದ ಕಳಚಿರುತ್ತದೆ. ಗಾಳಿಯೇ ಕಡಿಮೆ ಬರುತ್ತಿದ್ದರೆ ಧೂಳು ತುಂಬಿದ ಕ್ಯಾಬಿನ್ ಫಿಲ್ಟರ್ ಬದಲಿಸಿದರೆ ಸಾಕಾಗಬಹುದು.

ಹೀಟರ್ ಕೋರ್ ಕಟ್ಟಿಕೊಳ್ಳುವುದಕ್ಕೆ ಬಹುತೇಕ ಮನುಷ್ಯರೇ ಹೊಣೆ. ಕೋಲಾರದಂಥ ಬಯಲುಸೀಮೆಯ ಬೋರ್‌ವೆಲ್ಲಿನ ಗಡಸು ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದರೆ ಅದರ ಸುಣ್ಣದ ಅಂಶ ಬಿಳಿಯ ಪೊರೆಯಾಗಿ ಕೊಳವೆಗಳ ಒಳಮೈಗೆ ಹತ್ತುತ್ತದೆ, ಬರಿ ನೀರಿನಿಂದ ಹುಟ್ಟಿದ ತುಕ್ಕು ಕೆಂಪು ಕೆಸರಾಗಿ ಕೂರುತ್ತದೆ; ಬೇರೆ ಬೇರೆ ಬಗೆಯ ಕೂಲೆಂಟುಗಳನ್ನು ಬಣ್ಣವೊಂದನ್ನೇ ನೋಡಿ ಬೆರೆಸಿದಾಗಲೂ ಕೆಲವೊಮ್ಮೆ ಅಂಥದೇ ಕೆಸರು ಉಂಟಾಗುತ್ತದೆ. ಸೋರುವ ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಲಾರಿ ಚಾಲಕರ ಹಳೆಯ ಉಪಾಯ ನಡುದಾರಿಯಲ್ಲಿ ಸಿಕ್ಕಿಕೊಂಡವರನ್ನು ಊರು ಮುಟ್ಟಿಸಿರಬಹುದು. ಆದರೆ ಬಿರುಕನ್ನು ಮುಚ್ಚುವ ಪುಡಿ ಇಕ್ಕಟ್ಟಾದ ಕೊಳವೆಗಳನ್ನೂ ಮುಚ್ಚಬಲ್ಲದು, ಮತ್ತು ಇಡೀ ವ್ಯವಸ್ಥೆಯಲ್ಲಿ ತೀರ ಇಕ್ಕಟ್ಟಾದ ಕೊಳವೆಗಳಿರುವುದು ಹೀಟರ್ ಕೋರಿನಲ್ಲಿ. ಅಂಗಡಿಯಲ್ಲಿ ಸಿಗುವ ಸೋರಿಕೆ ನಿಲ್ಲಿಸುವ ದ್ರವಗಳಿಗೂ ಇದೇ ಮಾತು ಸಲ್ಲುತ್ತದೆ. ಕಟ್ಟಿದ ಕೋರನ್ನು ಎರಡೂ ಹೋಸು ಕಳಚಿ, ದ್ರವ ಹೊರಬರುವ ಬಾಯಿಯಿಂದ ನೀರನ್ನು ಹಿಮ್ಮುಖವಾಗಿ, ಕಡಿಮೆ ಒತ್ತಡದಲ್ಲಿ, ಬಣ್ಣ ತಿಳಿಯಾಗುವವರೆಗೆ ಬಿಟ್ಟು ತೊಳೆಯುವುದು ಮೊದಲ ಪ್ರಯತ್ನವಾಗಬೇಕು. ಕಂಪ್ರೆಸರಿನ ಗಾಳಿಯ ಪೂರ್ತಿ ಒತ್ತಡ ಹಾಕಿದರೆ ತೆಳುವಾದ ಅಲ್ಯೂಮಿನಿಯಂ ಒಡೆದೀತು. ಕೋರನ್ನೇ ಬದಲಿಸಬೇಕಾದರೆ ಹಲವು ಕಾರುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗುತ್ತದೆ, ಬಿಡಿಭಾಗದ ಬೆಲೆಗಿಂತ ಕೂಲಿಯೇ ಹೆಚ್ಚಾಗುತ್ತದೆ. ಹೋಸುಗಳನ್ನು ಮುಟ್ಟಿಯೂ ನೋಡದೆ ಕೋರ್ ಬದಲಿಸಿ ಎನ್ನುವವರ ಮಾತನ್ನು ಒಪ್ಪಬಾರದು.

ಕಣ್ಣಿಗೆ ಕಾಣುವ ಸೋರಿಕೆಯಿಲ್ಲದೆ ಕೂಲೆಂಟ್ ಮತ್ತೆ ಮತ್ತೆ ಇಳಿದು, ಹೀಟರ್ ಮತ್ತೆ ಮತ್ತೆ ತಣ್ಣಗಾದರೆ ಹೆಡ್ ಗ್ಯಾಸ್ಕೆಟ್ಟಿನ ಶಂಕೆ ಬರುತ್ತದೆ. ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರುವ ಈ ತೆಳು ಹಾಳೆ ಸೀಳಿದರೆ ಸಿಲಿಂಡರಿನ ಉರಿಯ ಅನಿಲ ಕೂಲೆಂಟಿಗೆ ನುಗ್ಗಿ ಹೀಟರಿನಲ್ಲಿ ಸೇರಿಕೊಳ್ಳುತ್ತದೆ. ತಣ್ಣನೆಯ ಎಂಜಿನ್ ಚಾಲೂ ಆದ ಒಂದೆರಡು ನಿಮಿಷದಲ್ಲೇ ಮೇಲಿನ ಹೋಸು ಕಲ್ಲಿನಂತೆ ಗಟ್ಟಿಯಾಗುವುದು, ಟ್ಯಾಂಕಿನಲ್ಲಿ ನಿಲ್ಲದೆ ಗುಳ್ಳೆಗಳು ಏಳುವುದು ಇದರ ಕುರುಹುಗಳು. ಟ್ಯಾಂಕಿನ ಬಾಯಿಯ ಗಾಳಿಯನ್ನು ನೀಲಿ ದ್ರಾವಣವೊಂದರ ಮೂಲಕ ಹಾಯಿಸಿ, ಅದು ಹಳದಿಗೆ ತಿರುಗಿದರೆ ಕಾರ್ಬನ್ ಡೈಆಕ್ಸೈಡ್ ಇದೆಯೆಂದು ಖಚಿತಪಡಿಸಿಕೊಳ್ಳುವ ಸರಳ ಪರೀಕ್ಷೆಯೂ ಇದೆ.

ವಿದ್ಯುತ್ ಕಾರುಗಳ ಮಾತು ಬೇರೆ. ಅಲ್ಲಿ ಶಾಖ ಬ್ಯಾಟರಿಯಿಂದ, ವಿದ್ಯುತ್ ಹೀಟರ್ ಅಥವಾ ಹೀಟ್ ಪಂಪಿನ ಮೂಲಕ ಬರುವುದರಿಂದ ಚಳಿಯಲ್ಲಿ ಅವು ಓಡುವ ದೂರವೇ ತಗ್ಗುತ್ತದೆ. ಇಂಧನದ ಕಾರುಗಳಲ್ಲೂ, ಕಡಿಮೆ ಶಾಖವನ್ನು ಪೋಲುಮಾಡುವ ಹೊಸ ಡೀಸೆಲ್ ಎಂಜಿನ್ನುಗಳು ತಡವಾಗಿ ಬಿಸಿಯಾಗುವುದು ಸಹಜವಾದ್ದರಿಂದ, ಮೊದಲ ಕೆಲವು ಕಿಲೋಮೀಟರುಗಳ ತಂಪನ್ನು ದೋಷವೆಂದು ಎಣಿಸಬೇಕಾಗಿಲ್ಲ.

ಯಾವ ರಿಪೇರಿಯೇ ಆದರೂ ಕೊನೆಗೆ ಕೂಲೆಂಟನ್ನು ಮತ್ತೆ ತುಂಬಿ ಗಾಳಿ ತೆಗೆಯುವ ಕೆಲಸ ಉಳಿದಿರುತ್ತದೆ, ಮತ್ತು ಅವಸರದಲ್ಲಿ ಕೆಡುವುದೂ ಅದೇ. ಕಾರಿನ ಮೂತಿ ಸ್ವಲ್ಪ ಎತ್ತರಕ್ಕೆ ಬರುವಂತೆ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಕಂಪನಿ ಹೇಳಿದ ಬಗೆಯ ಕೂಲೆಂಟನ್ನು, ಬೆರೆಸಬೇಕಾದದ್ದಾದರೆ ಡಿಸ್ಟಿಲ್ಡ್ ವಾಟರಿನೊಂದಿಗೆ, ನಿಧಾನವಾಗಿ ಹೊಯ್ಯಬೇಕು. ಗಾಳಿ ಬಿಡುವ ಸ್ಕ್ರೂ ಇದ್ದರೆ ಅದರಿಂದ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ತೆರೆದಿಟ್ಟು ಮುಚ್ಚಬೇಕು. ಅನಂತರ ಥರ್ಮೋಸ್ಟಾಟ್ ತೆರೆದು ರೇಡಿಯೇಟರ್ ಫ್ಯಾನ್ ಒಂದೆರಡು ಸಲ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ, ಡ್ಯಾಶ್‌ಬೋರ್ಡಿನ ಕಿಂಡಿಯಲ್ಲಿ ಥರ್ಮಾಮೀಟರ್ ಇಟ್ಟರೆ ಸುಸ್ಥಿತಿಯ ಹೀಟರ್ ಸಾಮಾನ್ಯವಾಗಿ 50ರಿಂದ 60 ಡಿಗ್ರಿಯ ಗಾಳಿಯನ್ನು ಕೊಡುತ್ತದೆ. ಮರುದಿನ ಬೆಳಿಗ್ಗೆ, ಎಂಜಿನ್ ಆರಿರುವಾಗ, ಟ್ಯಾಂಕಿನ ಮಟ್ಟ ತುಸು ಇಳಿದಿರುವುದು ಉಳಿದ ಗಾಳಿ ಹೊರಬಿದ್ದುದರ ಗುರುತು, ಅದನ್ನು ಭರ್ತಿ ಮಾಡಿದರಾಯಿತು. ಒಂದು ವಾರದ ಮೇಲೂ ಮಟ್ಟ ಇಳಿಯುತ್ತಲೇ ಇದ್ದರೆ ಸೋರಿಕೆ ಇನ್ನೂ ಉಳಿದಿದೆ, ಹುಡುಕಾಟವನ್ನು ಹೋಸುಗಳ ಕ್ಲಿಪ್ಪಿನಿಂದ ಮತ್ತೆ ಆರಂಭಿಸಬೇಕು.